ಆರಿದ್ರಾ ಮಳಿ, ಗೌರಿ ಹುಣ್ಣಿಮಿ

ನಮ್ಮ ಆಯಿಗೆ ಇಸವಿಯ ಲೆಕ್ಕ ಬೇಕಾಗಿರಲಿಲ್ಲ. "ನೀ ಹುಬ್ಬಿ ಮಳಿಯಾಗ ಹುಟ್ಟಿದಾಕಿ, ನಿಮ್ಮಕ್ಕ ಕಡ್ಲಿ ಕೀಳೂಮುಂದ" ಎಂದರೆ ಅವಳ ಮಟ್ಟಿಗೆ ನಮ್ಮಿಬ್ಬರ ಜಾತಕ ಮುಗಿಯಿತು. ಅಕ್ಕ ಎಂದರೆ ನಮ್ಮ ಕಾಕಾನ ಮಗಳು. ಗದಗ ತಾಲೂಕಿನ ಹಿರೇಹಂದಿಗೋಳದಲ್ಲಿ ಒಂದೇ ಮನೆಯೊಳಗೆ, ಒಂದೇ ಹೊಲದಲ್ಲಿ ನಾವಿಬ್ಬರೂ ಬೆಳೆದದ್ದು ಆಯಿಯ ಈ ಲೆಕ್ಕದಲ್ಲೇ. ಈಗ ನಾನು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಬಿ.ಎ. ಕಡೇ ವರ್ಷ. ಇಲ್ಲಿ ಎಲ್ಲವೂ ಸೆಮಿಸ್ಟರ್ ಲೆಕ್ಕ. ಆದರೂ ಯಾವುದಾದರೂ ಮಳೆಯ ಹೆಸರು ಕಿವಿಗೆ ಬಿದ್ದರೆ, ಆ ಮಳೆಯಲ್ಲಿ ಮನೆಯವರು ನನಗೆ ಒಪ್ಪಿಸುತ್ತಿದ್ದ ಕೆಲಸವೇ ಮೊದಲು ನೆನಪಾಗುತ್ತದೆ.

ನಮ್ಮೂರಲ್ಲಿ ವಯಸ್ಸು ಏರುವುದು ಹಾಗೆ. ಹಬ್ಬ ಅದೇ, ಹೊಲ ಅದೇ. ಅದರೊಳಗೆ ನಿಮ್ಮ ಕೆಲಸ ಬದಲಾಗುತ್ತದೆ. ಆಷಾಢದ ಮಂಗಳವಾರ ಗುಳ್ಳವ್ವನ ಮೂರ್ತಿ ಮಾಡಲು ಸಣ್ಣ ಹುಡುಗಿಯರು ಎರಿಮಣ್ಣು ಹೊತ್ತು ತರಬೇಕು, ಸ್ವಲ್ಪ ದೊಡ್ಡವರು ಅದನ್ನು ನಾದಬೇಕು. ಅವಳ ಮೂಗು ತಿದ್ದಿ, ಗುಲಗಂಜಿಯ ಕಣ್ಣಿಟ್ಟು, ಕುಸುಬಿ ಕಾಳಿನ ಸರ ಹಚ್ಚುವ ಅಧಿಕಾರ ಎಲ್ಲರಿಗಿಂತ ದೊಡ್ಡವರದು. ಅಕ್ಕ ಮೂಗು ತಿದ್ದುವಾಗ ನಾನು ಬುಟ್ಟಿ ಹಿಡಿದು ನಿಂತಿರುತ್ತಿದ್ದೆ. ಒಂದು ವರ್ಷ ಅವಳು ಏನೂ ಹೇಳದೆ ಗುಲಗಂಜಿಯನ್ನು ನನ್ನ ಅಂಗೈಗೆ ಹಾಕಿ ದೂರ ಸರಿದಳು. ಆ ದಿನ ನನಗಾದ ಸಂತೋಷ ಮುಂದೆ ಯಾವ ಅಂಕಪಟ್ಟಿಯಿಂದಲೂ ಆಗಲಿಲ್ಲ.

ಹೆಸರಿನ ಹೊಲದಲ್ಲೂ ಹಾಗೇ. ರೋಹಿಣಿ, ಮೃಗಶಿರಾ ಮಳೆಯ ಹದಕ್ಕೆ ಬಿತ್ತಿದ ಹೆಸರು 65-70 ದಿನಕ್ಕೆ ಕೈಗೆ ಬರುತ್ತದೆ. ಅದು ಹೋದ ಮೇಲೆ ಅದೇ ಎರಿ ನೆಲದಲ್ಲಿ ಹಿಂಗಾರಿಗೆ ಕಡ್ಲಿ ಇಲ್ಲವೆ ಬಿಳಿಜೋಳ. ಪಂಚಮಿಯ ಉಂಡಿ ಮುಗಿಯುವ ಹೊತ್ತಿಗೆ ಕಾಯಿ ಕರ್ರಗಾಗಿರುತ್ತವೆ. ಬಿಡಿಸುವುದು ತಡವಾಗಿ ಮಘಾ ಮಳೆ ಹಿಡಿಯಿತೆಂದರೆ ಕಾಳು ಗಿಡದಲ್ಲೇ ಮೊಳಕೆಯೊಡೆಯುತ್ತದೆ. ಅದಕ್ಕೇ ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಉಳಿಯುತ್ತಿರಲಿಲ್ಲ. ನನಗೆ ಒಂದು ಸಾಲು, ಅಕ್ಕನಿಗೆ ಎರಡು. ನಾನು ಹಿಂದೆ ಬಿದ್ದರೆ ಅವಳು ತನ್ನ ಸಾಲು ಬಿಡಿಸುತ್ತಲೇ ನನ್ನ ಸಾಲಿಗೂ ಕೈ ಹಾಕುತ್ತಿದ್ದಳು. ಅವ್ವ ತಿರುಗಿ ನೋಡುವಷ್ಟರಲ್ಲಿ ನಾನು ಸರಿಸಮ ಬಂದಿರುತ್ತಿದ್ದೆ.

ಈಗ ಹೊಲಕ್ಕೆ ಕಟಾವಿನ ಮಷಿನ್ ಬರುತ್ತದೆ. ಬಂದದ್ದು ಒಳ್ಳೆಯದೇ ಎನ್ನುತ್ತೇನೆ. ಇಡೀ ದಿನ ಬಗ್ಗಿ ಕಾಯಿ ಬಿಡಿಸಿ ರಾತ್ರಿ ಸೊಂಟ ನೀವಿಕೊಳ್ಳುತ್ತಿದ್ದ ಅವ್ವನನ್ನು ಕಂಡವಳು ನಾನು. ನನ್ನ ನೆನಪಿಗೆ ಸವಿ ಎಂದು ಅವಳು ಮತ್ತೆ ಬಗ್ಗಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಹಿಂಗಾರಿನ ಚಳಿ. ಕಡ್ಲಿ ಗಿಡದ ಇಬ್ಬನಿ ಹುಳಿ ಇರುತ್ತದೆ. ಬರಿಗಾಲಲ್ಲಿ ಹೊಲ ಹೊಕ್ಕರೆ ಕಾಲು ಚುರುಚುರು. ಎಲೆಯ ಸಣ್ಣ ರೋಮಗಳು ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಸ್ರವಿಸುತ್ತವೆ ಎಂದು ಆಮೇಲೆ ಓದಿ ತಿಳಿದೆ. ಆಯಿ ರಾತ್ರಿ ಮುತ್ಯಾನ ಹಳೇ ಧೋತರವನ್ನು ಗಿಡಗಳ ಮೇಲೆ ಹಾಸಿ ಬರುತ್ತಿದ್ದಳು. ಬೆಳಕು ಹರಿಯುವ ಮೊದಲೇ ನಾವಿಬ್ಬರೂ ಒಂದೊಂದು ತುದಿ ಹಿಡಿದು ತಿರುವಿ ಹಿಂಡಬೇಕು, ಅವಳು ಕೆಳಗೆ ಪಾತ್ರೆ ಹಿಡಿಯಬೇಕು. ಆ ಹುಳಿಯನ್ನು ಸೀಸೆಯಲ್ಲಿ ಇಟ್ಟುಕೊಂಡು ಓಣಿಯಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ ಕೊಡುತ್ತಿದ್ದಳು. ಹಿಂಡುವಾಗ ಕೈ ಮರಗಟ್ಟುತ್ತಿತ್ತು. ಆಮೇಲೆ ಬದುವಿನ ಮೇಲೆ ಕಸ ಒಟ್ಟಿ ಬೆಂಕಿ ಹಚ್ಚಿ, ಹಸಿ ಕಡ್ಲಿಗಿಡ ಸುಟ್ಟು ಸುಲಗಾಯಿ ತಿನ್ನುತ್ತಿದ್ದೆವು. ಜೋಳ ಹಾಲುಗಾಳಾದಾಗ ಸೀತನಿ, ಅದಕ್ಕೆ ಬೆಲ್ಲ, ಶೇಂಗಾ ಚಟ್ನಿ. ಮಸಿ ಬಾಯಿಯಲ್ಲೇ ಸಾಲಿಗೆ ಹೋದದ್ದೂ ಉಂಟು.

ಋತು ಮತ್ತು ಪುಸ್ತಕ ನನ್ನ ಬದುಕಿನಲ್ಲಿ ಕೂಡಿಕೊಂಡದ್ದು 2020ರಲ್ಲಿ. ಅಕ್ಕನದು ದ್ವಿತೀಯ ಪಿಯುಸಿ, ಇಂಗ್ಲಿಷ್ ಒಂದೇ ಉಳಿದಿತ್ತು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 27ಕ್ಕೆ, ಯುಗಾದಿಯ ಮರುದಿನ ದಾಟಿದರೆ ಶುರು. ಯುಗಾದಿಯಂದೇ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಬೇಸಿಗೆಯಿಡೀ ಇಬ್ಬರೂ ಹೊಲದ ಬೇವಿನ ಗಿಡದ ಕೆಳಗೆ ಅದದೇ ಪುಸ್ತಕ ತಿರುವಿದೆವು. ಕೊನೆಗೆ ಅವಳು ಜೂನ್ 18ಕ್ಕೆ ಮೃಗಶಿರಾ ಮಳೆಯಲ್ಲಿ ಬರೆದಳು. ನಾನು ಜೂನ್ 25ಕ್ಕೆ, ಆರಿದ್ರಾದಲ್ಲಿ. ಬಾಯಿಗೆ ಮಾಸ್ಕು, ಬಾಗಿಲಲ್ಲಿ ಹಣೆಗೆ ಹಿಡಿಯುವ ಜ್ವರದ ಯಂತ್ರ, ದೂರ ದೂರ ಡೆಸ್ಕು. ಎಡಿ ಹೊಡೆಯುವ ಕಾಲದಲ್ಲಿ ಹೊಲ ಬಿಟ್ಟು ಪರೀಕ್ಷೆಗೆ ಹೋಗುವುದು ಆಯಿಗೆ ಎಷ್ಟು ವಿಚಿತ್ರವಾಗಿ ಕಂಡಿತ್ತೆಂದರೆ, ನಾನು ತಿರುಗಿ ಬಂದಾಗ "ಪಾಸಾದ್ಯೇನ?" ಎನ್ನುವ ಬದಲು "ಅತ್ತಾಗ ಮಳಿ ಆತೇನ?" ಎಂದು ಕೇಳಿದಳು. ಅವಳ ಬಾಯಿಂದ ಮಳೆಯ ವಿಚಾರ ಕೇಳಿದ ಕೊನೆಯ ಮುಂಗಾರುಗಳಲ್ಲಿ ಅದೊಂದು.

2022ರಲ್ಲಿ ನಾನು ಧಾರವಾಡಕ್ಕೆ ಬಂದೆ. ನಮ್ಮ ತಾಲೂಕಿನ ಹೊಂಬಳದಲ್ಲಿ 1928ರಲ್ಲಿ ಹುಟ್ಟಿ, ಧಾರವಾಡದಲ್ಲೇ ನೆಲೆಸಿ ಇಲ್ಲಿನ ಮಳೆ ಮುಗಿಲನ್ನು ಕವಿತೆಗೆ ತಂದ ಚೆನ್ನವೀರ ಕಣವಿಯವರು ಅದೇ ಫೆಬ್ರುವರಿಯಲ್ಲಿ ತೀರಿಕೊಂಡಿದ್ದರು. ಇಲ್ಲಿನ ಮಳೆ ಬೇರೆ. ಜಿಟಿಜಿಟಿ ಹಿಡಿದರೆ ಬಟ್ಟೆ ಒಣಗುವುದಿಲ್ಲ. ನಮ್ಮ ಕಡೆ ಆಷಾಢವೆಂದರೆ ಗಾಳಿ, ಮುಗಿಲು ಓಡುತ್ತಿರುತ್ತದೆ, ಹನಿ ಬೀಳುವುದು ಅಪರೂಪ. 2023ರ ಆಗಸ್ಟಂತೂ, 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಹಾಸ್ಟೆಲ್ಲಿನ ಜಿಟಿಜಿಟಿಯಲ್ಲಿ ನಿಂತು ಫೋನ್ ಮಾಡಿದರೆ, ಅಪ್ಪ ಹೆಸರಿನ ಮಾತು ತೆಗೆಯದೆ ನನ್ನ ಊಟದ ವಿಚಾರ ಕೇಳುತ್ತಿದ್ದ. ಅವನು ಬಚ್ಚಿಟ್ಟದ್ದು ತಿಳಿಯುವ ವಯಸ್ಸು ನನಗೆ ಬಂದಿತ್ತು.

ಅಷ್ಟರಲ್ಲಿ ಅಕ್ಕ ಮುಂಡರಗಿ ಕಡೆಗೆ ಸೊಸೆಯಾಗಿ ಹೋಗಿದ್ದಳು. ಅದರ ಹಿಂದಿನ ಕಾರ್ತೀಕದ ಗೌರಿ ಹುಣ್ಣಿಮೆಗೆ ಬೀಗರು ಅವಳಿಗೆ ಸೀರೆ, ಹೂವು, ಸಕ್ಕರೆ ಆರತಿ ತಂದಿದ್ದರು. ಚಿಕ್ಕವರಿದ್ದಾಗ ನಾವಿಬ್ಬರೂ ಒಂದೇ ತಾಟಿನಲ್ಲಿ ಸಕ್ಕರೆಯ ಆನೆ, ಒಂಟಿ, ತೇರು ಇಟ್ಟುಕೊಂಡು ಗೌರಿಗೆ ಬೆಳಗಲು ಹೋಗುತ್ತಿದ್ದೆವು. ಒಂಟಿಯ ಕುತ್ತಿಗೆ ಮೊದಲು ಯಾರು ಮುರಿದು ತಿನ್ನಬೇಕೆಂದು ಜಗಳ. ಆ ಸಂಜೆ ಅವಳು ಹೊಸ ಸೀರೆಯಲ್ಲಿ ಬೀಗರ ತಾಟು ಹಿಡಿದು ಮುಂದೆ ನಡೆದಳು, ನಾನು ನಮ್ಮ ಮನೆಯ ತಾಟು ಹಿಡಿದು ಹಿಂದೆ. ತಾಟು ಇಡೀ ನನ್ನದೇ ಆಗಿತ್ತು. ಒಂಟಿಯನ್ನು ತಿನ್ನಲು ಮನಸ್ಸಾಗಲಿಲ್ಲ.

ಈ ಕಾರ್ತೀಕಕ್ಕೆ ಅಕ್ಕ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಾಳೆ. ಸಕ್ಕರೆ ಗೊಂಬೆ ಗದಗಿನ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತವೆ, ಆದರೂ ಮನೆಯಲ್ಲೇ ಮಾಡಬೇಕೆಂದು ಅವಳ ಹಟ. ಕಟ್ಟಿಗೆಯ ಅಚ್ಚುಗಳನ್ನು ನೀರಿಗೆ ಹಾಕಿ ನೆನೆಸುವುದು, ಜೋಡಿಸಿ ದಾರ ಬಿಗಿಯುವುದು ನನಗೆ ಬರುತ್ತದೆ. ಪಾಕ ಬೆಳ್ಳಗೆ ತಿರುಗುವಾಗ ಯಾವ ಗಳಿಗೆಗೆ ಇಳಿಸಿ ಸುರಿಯಬೇಕೆಂಬುದು ಆಯಿಗೆ ಗೊತ್ತಿತ್ತು, ಅವಳಿಂದ ಅಕ್ಕನಿಗೆ ಬಂತು. ಅಕ್ಕ ಈಗ ಒಲೆಯ ಮುಂದೆ ಬಗ್ಗುವಂತಿಲ್ಲ. ಹೊರಸಿನ ಮೇಲೆ ಕೂತು ಹೇಳುತ್ತಾಳಂತೆ, ಸುರಿಯುವವಳು ನಾನು. ಪರೀಕ್ಷೆ ಮುಗಿದ ಸಂಜೆಯೇ ಹೊರಡುತ್ತೇನೆ.