ಗೊರಗುಟ್ಟುವ ಮೈಕು

ಸಿಂಗಸಂದ್ರದಂಥ ಕಡೆ ರಾಜ್ಯೋತ್ಸವದ ವೇದಿಕೆಯಲ್ಲಿ ಹಳೆಯ ಕಾರ್ಡ್‌ಲೆಸ್ ಮೈಕು ಗೊರಗುಟ್ಟಿದೊಡನೆ ಮೈಕ್‌ಸೆಟ್ಟಿನವರು ಸೆಲ್ಲು ಬದಲಿಸುವುದು ವಾಡಿಕೆಯಾದರೂ, ಸೆಲ್ಲಿನ ಪಕ್ಕದ ಚೀಟಿಯಲ್ಲಿ 740 ಮೆಗಾಹರ್ಟ್ಸ್ ಎಂಬಂಥ ಅಂಕಿಯಿದ್ದರೆ ದೋಷ ಬೇರೆಡೆ ಇರುವ ಸಾಧ್ಯತೆಯುಂಟು. ತರಂಗಾಂತರ, ಅಂದರೆ ನಿಸ್ತಂತು ಸಂವಹನಕ್ಕೆ ಬಳಕೆಯಾಗುವ ರೇಡಿಯೊ ಅಲೆಗಳ ಹರವು, ಸರ್ಕಾರ ಹಂಚಿಕೊಡುವ ಸೊತ್ತು. ಅದರಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯನ್ನು 2016 ಮತ್ತು 2021ರ ಹರಾಜುಗಳಲ್ಲಿ ಯಾರೂ ಕೊಳ್ಳಲಿಲ್ಲ; 2022ರ ಆಗಸ್ಟ್‌ನಲ್ಲಿ ಮುಗಿದ ಹರಾಜಿನಲ್ಲಿ ಜಿಯೊ ಕರ್ನಾಟಕವೂ ಸೇರಿದಂತೆ 22 ವಲಯಗಳಲ್ಲಿ ಅದರ ಪಾಲು ಪಡೆಯಿತು. ಈ ಪಟ್ಟಿಯಲ್ಲಿ 703ರಿಂದ 748ರವರೆಗಿನ ಭಾಗ ಫೋನಿನಿಂದ ಟವರಿಗೆ ಹೋಗುವ ಸಂಕೇತಕ್ಕೂ 758ರಿಂದ 803ರವರೆಗಿನದು ಟವರಿನಿಂದ ಫೋನಿಗೆ ಬರುವ ಸಂಕೇತಕ್ಕೂ ಮೀಸಲಾಗಿರುವುದರಿಂದ, ಭಾಷಣಕಾರರ ದನಿಗೆ ಅಡ್ಡಬರುವುದು ಮುಂದಿನ ಸಾಲಿನವರ ಕೈಯಲ್ಲಿರುವ ಫೋನೇ ಆಗಿರಬಹುದು (ಭಾಷಣ ಬೇಸರ ತಂದಷ್ಟೂ ಅಡ್ಡಿ ಹೆಚ್ಚು!). ಅಮೆರಿಕ 2010ರಲ್ಲೇ ಈ ಪಟ್ಟಿಯಲ್ಲಿ ಮೈಕು ಬಳಸುವುದನ್ನು ನಿಷೇಧಿಸಿತ್ತು. ಇಲ್ಲಿ ಬಾಡಿಗೆಗೆ ಮೈಕ್‌ಸೆಟ್ ಕೊಡುವವರಲ್ಲಿ ಆ ಚೀಟಿಯ ಅಂಕಿಯನ್ನು ಓದಿ ನೋಡಿದವರು ಎಷ್ಟು ಮಂದಿ ಇರಬಹುದು?