ವಾರಕ್ಕೆ 36 ಗಂಟೆ: ಒಂದು ಗರ್ಭದ ಸಾಹಸಗಾಥೆ

ಹೊಟ್ಟೆಯಲ್ಲಿ ಐದು ತಿಂಗಳ ಕೂಸು. ಎರಡೂ ಕಿಡ್ನಿ ಕೈಕೊಟ್ಟಿವೆ. ಹೊರಗೆ ಆಟಿ ತಿಂಗಳ ಮಳೆ ಬಿಡದೆ ಸುರಿಯುತ್ತಿದೆ, ಕುಮಾರಧಾರೆ ಕೆಂಪಾಗಿ ಉಕ್ಕುತ್ತಿದ್ದಾಳೆ. ಕಡಬದ ಒಳಹಳ್ಳಿಯಿಂದ ಪುತ್ತೂರಿನ ಡಯಾಲಿಸಿಸ್ ಯಂತ್ರದ ತನಕ ತಲುಪಲೇಬೇಕು. ಇವತ್ತು ಮಾತ್ರವಲ್ಲ, ನಾಳೆಯೂ, ನಾಡಿದ್ದೂ! ಇವಳಿಗೆ ನಾನು ಹೆಸರಿಡುವುದಿಲ್ಲ. ಪುತ್ತೂರು, ಸುಳ್ಯ, ಕಡಬದ ಯಾವ ಮನೆಯ ಮಗಳೂ ಇವಳಾಗಬಹುದು. ಇವಳು ದಾಟಬೇಕಾದ ಗಂಡಾಂತರಗಳು ಮಾತ್ರ ಒಂದೊಂದೂ ನಿಜ.

ಮೊದಲ ಗಂಡಾಂತರವೆಂದರೆ ಗರ್ಭ ನಿಂತದ್ದೇ ತಿಳಿಯದಿರುವುದು. ಕಿಡ್ನಿ ಸೋತವರಿಗೆ ಮುಟ್ಟು ಏರುಪೇರು. ವಾಕರಿಕೆ, ಸುಸ್ತು ಹೇಗೂ ಇದ್ದದ್ದೇ. ರಕ್ತಪರೀಕ್ಷೆಯೂ ದಾರಿ ತಪ್ಪಿಸಬಹುದು, ಏಕೆಂದರೆ ಗರ್ಭದ ಹಾರ್ಮೋನು ಇಂಥವರಲ್ಲಿ ಬಸಿರಿಲ್ಲದೆಯೂ ಸ್ವಲ್ಪ ಏರಿರುವುದುಂಟು. ಸ್ಕ್ಯಾನಿಂಗ್ ಆಗುವ ಹೊತ್ತಿಗೆ ವಾರಗಳು ಉರುಳಿರುತ್ತವೆ. ಬಿಪಿಗೆಂದು ನುಂಗುತ್ತಿದ್ದ ಟೆಲ್ಮಿಸಾರ್ಟಾನ್, ಎನಲಾಪ್ರಿಲ್‌ನಂಥ ಮಾತ್ರೆಗಳು ಕೂಸಿಗೆ ಅಪಾಯ. ವೈದ್ಯರು ಅವನ್ನು ಒಡನೆ ಬದಲಿಸಬೇಕು.

ಎರಡನೆಯ ಗಂಡಾಂತರ ರಕ್ತದಲ್ಲೇ ಇದೆ. ತಾಯಿಯ ಯೂರಿಯಾ ಮಾಸು ದಾಟಿ ಕೂಸನ್ನು ಸೇರುತ್ತದೆ. ಕೂಸಿನ ಪುಟ್ಟ ಕಿಡ್ನಿಗಳು ಅದನ್ನು ಹೊರಹಾಕಲು ಮೂತ್ರ ಸುರಿಸುತ್ತಲೇ ಹೋಗುತ್ತವೆ. ಗರ್ಭದ ನೀರು ಮಿತಿಮೀರಿ ತುಂಬುತ್ತದೆ, ಗರ್ಭಕೋಶ ಹಿಗ್ಗುತ್ತದೆ, ದಿನ ತುಂಬುವ ಮೊದಲೇ ನೋವು ಶುರುವಾಗುತ್ತದೆ. ಇದನ್ನು ತಡೆಯುವ ದಾರಿ ಒಂದೇ. ಯೂರಿಯಾ ಏರಲು ಬಿಡಬಾರದು, ದಿನದಿನವೂ ತೊಳೆಯುತ್ತಿರಬೇಕು.

ಹಿಂದೆ ಡಯಾಲಿಸಿಸ್‌ನಲ್ಲಿದ್ದವರ ಹೆರಿಗೆಯನ್ನು ಅಸಾಧ್ಯವೆಂದೇ ಎಣಿಸಿದ್ದರು. 1971ರಲ್ಲಿ ಇಟಲಿಯ ಕಾನ್ಫೋರ್ಟಿನಿ ಮತ್ತು ಸಂಗಡಿಗರು ಡಯಾಲಿಸಿಸ್‌ನಲ್ಲಿದ್ದ ಮಹಿಳೆಯೊಬ್ಬಳ ಹೆರಿಗೆ ಸುಸೂತ್ರವಾದದ್ದನ್ನು ವರದಿ ಮಾಡಿದರು. ಆದರೂ 1980ರ ಯುರೋಪಿನ ವರದಿಯಲ್ಲಿ, ಗರ್ಭ ಮುಂದುವರಿಸಿದವರಲ್ಲಿ ಬದುಕಿ ಉಳಿದ ಕೂಸುಗಳು ನಾಲ್ಕಕ್ಕೆ ಒಂದೂ ಇರಲಿಲ್ಲ. ಆಟ ತಿರುಗಿಸಿದವರು ಕೆನಡಾದ ಟೊರಾಂಟೊದ ವೈದ್ಯರು. ರಾತ್ರಿಯಿಡೀ ಡಯಾಲಿಸಿಸ್ ಮಾಡಿಸಿದರು! ಅಲ್ಲಿನ ಹ್ಲಾಡುನೆವಿಚ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ವಾರಕ್ಕೆ 20 ಗಂಟೆ ಅಥವಾ ಅದಕ್ಕೂ ಕಡಿಮೆ ಡಯಾಲಿಸಿಸ್ ಸಿಕ್ಕವರಲ್ಲಿ ಜೀವಂತ ಹೆರಿಗೆ ಶೇಕಡ 48. 36 ಗಂಟೆ ದಾಟಿದವರಲ್ಲಿ ಶೇಕಡ 85.

ಈಗ ನಮ್ಮೂರಿನ ಲೆಕ್ಕ ಹಾಕಿ. ಪುತ್ತೂರಿನಲ್ಲೂ ಸುಳ್ಯದಲ್ಲೂ ಸರ್ಕಾರಿ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಇದೆ, ಅದು ದೊಡ್ಡ ಆಸರೆ. ಆದರೆ ಸಾಮಾನ್ಯ ಸರದಿಯೆಂದರೆ ನಾಲ್ಕು ಗಂಟೆ, ವಾರಕ್ಕೆ ಎರಡೋ ಮೂರೋ ಸಲ. ಹೆಚ್ಚೆಂದರೆ 12 ಗಂಟೆ. ಇವಳಿಗೆ ಬೇಕಾದದ್ದು ಅದರ ಮೂರು ಪಟ್ಟು. ವಾರಕ್ಕೆ ಆರು ದಿನ, ದಿನಕ್ಕೆ ಆರು ಗಂಟೆ. ಅದರ ಮೇಲೆ ಘಟ್ಟದ ಬುಡದ ತಿರುವು ರಸ್ತೆ, ಮಳೆಗೆ ಅಡ್ಡ ಬೀಳುವ ಮರ, ತಪ್ಪಿಹೋಗುವ ಬಸ್ಸು.

ಯಂತ್ರದ ಪಕ್ಕದ ಹೋರಾಟವೂ ಕಡಿಮೆಯದಲ್ಲ. ಎಡಗೈಯ ಫಿಸ್ಟುಲಾದ (ಡಯಾಲಿಸಿಸ್‌ಗೆಂದು ಜೋಡಿಸಿದ ರಕ್ತನಾಳದ) ಮೇಲೆ ಬೆರಳಿಟ್ಟರೆ ರಕ್ತ ಗುಂಯ್‌ಗುಟ್ಟುವುದು ತಿಳಿಯುತ್ತದೆ. ಅದಕ್ಕೆ ದಪ್ಪನೆಯ ಎರಡು ಸೂಜಿ: ಒಂದು ರಕ್ತ ಎಳೆಯುತ್ತದೆ, ಇನ್ನೊಂದು ಮರಳಿಸುತ್ತದೆ. “ಸಿಸ್ಟರ್, ತಲೆ ತಿರುಗ್ತಾ ಉಂಟು!” ಅಷ್ಟರಲ್ಲಿ ಅಲಾರಂ. ಬಿಪಿ ಜಾರಿದೆ. ತಾಯಿಯ ಬಿಪಿ ಜಾರಿದರೆ ಕೂಸಿಗೆ ಹೋಗುವ ರಕ್ತವೂ ಕುಗ್ಗುತ್ತದೆ. ಯಂತ್ರ ಮೈಯಿಂದ ನೀರು ತೆಗೆಯುವುದನ್ನು ಸಿಸ್ಟರ್ ತಟ್ಟನೆ ತಗ್ಗಿಸುತ್ತಾರೆ. ತೂಕದ ಯಂತ್ರದಲ್ಲಿ ಏರಿದ ಅರ್ಧ ಕಿಲೋ ಮೈಗೆ ಸೇರಿದ ನೀರೋ, ಬೆಳೆದ ಕೂಸೋ? ನೀರೆಂದು ತಪ್ಪು ತಿಳಿದು ತೆಗೆದರೆ ಕೂಸಿಗೆ ಕುತ್ತು. ವಾರವಾರವೂ ಈ ಲೆಕ್ಕ ಹೊಸದಾಗಿ ಆಗಬೇಕು. ರಕ್ತ ಕುಸಿಯದಂತೆ ಎರಿಥ್ರೋಪೊಯೆಟಿನ್ ಇಂಜೆಕ್ಷನ್ ಏರಿಸಬೇಕು, ಕಬ್ಬಿಣಾಂಶ ಕೊಡಬೇಕು.

ಈ ಹಾದಿಯಲ್ಲಿ ಒಂದು ಸಂತೋಷವೂ ಉಂಟು. ತೋಟದ ನಡುವೆ ಇದ್ದೂ ಪೊಟ್ಯಾಸಿಯಂ ಭಯಕ್ಕೆ ಎಳನೀರು, ಬಾಳೆಹಣ್ಣು ಬಿಟ್ಟಿದ್ದವಳಿಗೆ ದಿನನಿತ್ಯದ ಡಯಾಲಿಸಿಸ್ ಊಟದ ಕಟ್ಟು ಸಡಿಲಿಸುತ್ತದೆ. ರಕ್ತಪರೀಕ್ಷೆ ನೋಡಿ ವೈದ್ಯರೇ “ಚೆನ್ನಾಗಿ ಉಣ್ಣು” ಎನ್ನುತ್ತಾರೆ.

ಏಳನೆಯ ತಿಂಗಳು. ಬಿಪಿ ಒಮ್ಮೆಲೆ ಏರಿದರೆ ತಾಯಿಯ ಪ್ರಾಣಕ್ಕೇ ಸಂಚಕಾರ. ಆಗ ಮಾಣಿ, ಕಲ್ಲಡ್ಕ ದಾಟಿ ಮಂಗಳೂರಿಗೆ ಓಟ. ಅಲ್ಲಿ ಡಯಾಲಿಸಿಸ್ ಯಂತ್ರ, ಹೆರಿಗೆ ತಜ್ಞರು, ನವಜಾತ ಶಿಶುಗಳ ತೀವ್ರ ನಿಗಾ ಘಟಕ ಮೂರೂ ಒಂದೇ ಸೂರಿನಡಿ ಇರಬೇಕು. ಹೆರಿಗೆಯಾಗಿ ಕೂಸು ಅತ್ತರೂ ಗೆದ್ದಂತಲ್ಲ. ತಾಯಿಯ ಯೂರಿಯಾ ಹೊತ್ತೇ ಹುಟ್ಟಿದ್ದರಿಂದ ಅದು ಮೂತ್ರ ಸುರಿಸಿ ನಿರ್ಜಲವಾಗಬಹುದು. ಮೊದಲ ದಿನಗಳಲ್ಲಿ ಗಂಟೆಗಂಟೆಗೂ ಕಾಯಬೇಕು.

ಕಿಡ್ನಿ ಕಸಿ ಸಾಧ್ಯವಿದ್ದವರು ಕಸಿಯಾಗಿ ಕನಿಷ್ಠ ಒಂದು ವರ್ಷ ಕಾದು, ವೈದ್ಯರನ್ನು ಕೇಳಿ ಬಸಿರಾಗುವುದೇ ಹೆಚ್ಚು ಕ್ಷೇಮ. ಬಸಿರು ಬೇಡದವರಿಗೆ ಅದನ್ನು ತಡೆಯುವ ಸಲಹೆ ಮೊದಲೇ ಸಿಗಬೇಕು. ಆದರೆ ಗರ್ಭ ನಿಂತು, ಅಪಾಯವನ್ನೆಲ್ಲ ತಿಳಿದೂ ಅವಳು ಬೇಕೆಂದರೆ, ಹೊಣೆ ನಮ್ಮದೂ ಹೌದು. ಅವಳಿಗೆ ವಾರಕ್ಕೆ ಆರು ಸರದಿ ಮೀಸಲಿಡಿ, ಆಸ್ಪತ್ರೆಯ ಪಕ್ಕದಲ್ಲೇ ತಂಗಲು ಒಂದು ಕೋಣೆ ಕೊಡಿ, ಮಂಗಳೂರಿನ ದಾರಿಗೆ ಆಂಬುಲೆನ್ಸ್ ಗೊತ್ತುಮಾಡಿಡಿ. ಧೈರ್ಯ ಅವಳಲ್ಲಿ ಬೇಕಾದಷ್ಟಿದೆ. ಅವಳಿಗೆ ಕೊರತೆಯಿರುವುದು ಯಂತ್ರದ ಗಂಟೆಗಳದ್ದು, ಅವನ್ನು ಹೊಂದಿಸಿಕೊಡುವುದು ನಮ್ಮ ಕೈಯಲ್ಲಿದೆ.