ಎದ್ದು ಹೋದವರು ಬಿಟ್ಟು ಹೋದದ್ದು

ಪೋಲೆಂಡಿನ ಒಂದು ಯಹೂದಿ ಮನೆ. ಪಾಸೋವರ್ ಹಬ್ಬದ ರಾತ್ರಿ ಏಳು ವರ್ಷದ ಹುಡುಗನೊಬ್ಬನಿಗೆ ದೊಡ್ಡವರ ಜೊತೆ ಎದ್ದಿರಲು ಅನುಮತಿ ಸಿಕ್ಕಿತ್ತು. ಮೇಜಿನ ಮೇಲೆ ಯಾರೂ ಮುಟ್ಟದ ಒಂದು ಲೋಟ ದ್ರಾಕ್ಷಾರಸ. ಅದು ಪ್ರವಾದಿ ಎಲೀಯನಿಗೆ. ಅವನು ಬಂದು ಗುಟುಕು ಕುಡಿಯುತ್ತಾನೆ, ಕಣ್ಣಿಟ್ಟು ನೋಡು ಎಂದರು ಹಿರಿಯರು. ಹುಡುಗ ನೋಡಿದ. ರಸ ತುಸು ಇಳಿದಂತೆ ಅವನಿಗೆ ಕಂಡೇಬಿಟ್ಟಿತು. ಮುಂದೆ ಅಮೆರಿಕದಲ್ಲಿ ಮನಃಶಾಸ್ತ್ರಜ್ಞನಾಗಿ ಹೆಸರು ಮಾಡಿದ ಸಾಲಮನ್ ಆಶ್ ಈತ.

ಇದನ್ನು ಓದಿದಾಗ ನನಗೆ ನೆನಪಾದದ್ದು 1995ರ ಸೆಪ್ಟೆಂಬರ್ 21. ಅಂದು ದೇಶದ ತುಂಬ ಗಣಪತಿ ಹಾಲು ಕುಡಿದ. ನಮ್ಮ ಬೀದಿಯ ಗುಡಿಯ ಮುಂದೆಯೂ ಚಮಚ, ಲೋಟ ಹಿಡಿದವರ ಸಾಲು. ಹಾಲಿನ ಮೇಲ್ಮೈ ಸೆಳೆತದಿಂದ ಚಮಚದ ಹಾಲು ಕಲ್ಲಿಗೆ ಅಂಟಿ, ತೆಳುವಾಗಿ ಕೆಳಗೆ ಹರಿಯುತ್ತದೆ ಎಂದು ವಿಜ್ಞಾನಿಗಳು ಹಾಲಿಗೆ ಬಣ್ಣ ಹಾಕಿ ತೋರಿಸಿದರು. ಆದರೆ ನಮ್ಮ ಸೋದರತ್ತೆಗೆ ಬಣ್ಣ ಬೇಕಾಗಲಿಲ್ಲ. ದಿನವೂ ಪೂಜೆ ಮಾಡದೆ ಕಾಫಿ ಕುಡಿಯದ ಹೆಂಗಸು ಆಕೆ. ತನ್ನ ಸರದಿ ಬಂದಾಗ ಚಮಚ ಹಿಡಿದಳು, ನೋಡಿದಳು, ಸೆರಗಿನಿಂದ ಪೀಠ ಒರೆಸಿ, "ಹಾಲು ಇಲ್ಲಿ ಇಳೀತಿದೆ ಕಣ್ರೇ, ಮಕ್ಕಳಿಗಾದ್ರೂ ಕೊಡಿ" ಅಂದಳು. ಕೆಲವರು ಗದರಿದರು. ಹಿಂದೆ ನಿಂತಿದ್ದ ಇಬ್ಬರು ಮಾತ್ರ ಮೆಲ್ಲಗೆ, "ನನಗೂ ಹಾಗೇ ಅನ್ನಿಸ್ತು" ಎಂದರು.

ಆ "ನನಗೂ" ಎಂಬ ಮಾತಿನ ತೂಕವನ್ನು ಅಳೆದವನೇ ಆಶ್. 1950ರ ದಶಕದ ಅವನ ಪ್ರಯೋಗ ಸರಳ. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದೆಂದು ಕೇಳುವುದು. ಒಬ್ಬರೇ ಇದ್ದರೆ ತಪ್ಪು ಉತ್ತರಗಳು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಆಶ್‌ನ ಕಡೆಯವರು. ಅವರು ಒಂದೇ ದನಿಯಲ್ಲಿ ತಪ್ಪು ಉತ್ತರ ಹೇಳಿದಾಗ, ನಿಜವಾದ ಅಭ್ಯರ್ಥಿಯ ಉತ್ತರಗಳಲ್ಲಿ ಮೂರನೇ ಒಂದಕ್ಕಿಂತ ತುಸು ಹೆಚ್ಚು ಗುಂಪಿನ ಕಡೆ ವಾಲಿದವು. ಆಮೇಲೆ ವಿಚಾರಿಸಿದರೆ ಕೆಲವರು ತಮ್ಮ ಕಣ್ಣನ್ನೇ ಅನುಮಾನಿಸಿದ್ದರು. ಕೆಲವರಿಗೆ ಸರಿ ಉತ್ತರ ಗೊತ್ತಿತ್ತು, ಬೇರೆಯಾಗಿ ಕಾಣುವುದು ಬೇಡವಾಗಿತ್ತು.

ಇದನ್ನು ಜನರ ಕುರಿತನವೆಂದು ನಗುವವರುಂಟು. ಆದರೆ ಹೆಚ್ಚಿನ ಉತ್ತರಗಳು ಸರಿಯಾಗಿಯೇ ಇದ್ದವು, ಸುಮಾರು ಕಾಲುಭಾಗದ ಜನ ಒಮ್ಮೆಯೂ ಬಾಗಲಿಲ್ಲ. ನನಗೆ ಇನ್ನೂ ಮುಖ್ಯವೆನಿಸುವುದು ಬೇರೆ ಸಂಗತಿ: ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಬಾಗುವುದು ಕಾಲುಭಾಗಕ್ಕೆ ಇಳಿಯುತ್ತಿತ್ತು. ಆಶ್‌ನ ಬಳಿ ಕೆಲಸ ಮಾಡಿದ್ದ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮುಂದೆ ಯೇಲ್‌ನಲ್ಲಿ ಕಂಡದ್ದೂ ಇದನ್ನೇ. ಪಕ್ಕದ ಕೋಣೆಯವನಿಗೆ ವಿದ್ಯುತ್ ಆಘಾತ ಕೊಡಿ ಎಂಬ ಆಜ್ಞೆಯನ್ನು 40 ಜನರಲ್ಲಿ 26 ಮಂದಿ 450 ವೋಲ್ಟ್‌ವರೆಗೂ ಪಾಲಿಸಿದರು. ಆಘಾತ ಸುಳ್ಳು, ಆದರೆ ಅವರಿಗದು ಗೊತ್ತಿರಲಿಲ್ಲ. ಜೊತೆಗಿದ್ದ ಇಬ್ಬರು "ಆಗುವುದಿಲ್ಲ" ಎಂದು ಎದ್ದಾಗ ಕೊನೆತನಕ ಹೋದವರು 40ರಲ್ಲಿ ಬರೀ ನಾಲ್ವರು.

ಅತ್ತೆ ತೀರಿಕೊಂಡ ಕೆಲವು ವರ್ಷಗಳ ಮೇಲೆ, ನಮ್ಮ ಮನೆಯ ಹಜಾರದಲ್ಲಿ ದೊಡ್ಡವರೆಲ್ಲ ಕೂತು ಚಿಕ್ಕಪ್ಪನ ಮಗಳ ಓದು ನಿಲ್ಲಿಸಿ ಮದುವೆ ಮಾಡುವುದೆಂದು ಮಾತಾಡಿಕೊಂಡರು. ಒಬ್ಬೊಬ್ಬರಾಗಿ ತಲೆದೂಗಿದರು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಹಿರಿಯರ ಮುಂದೆ ಎಂದೂ ಎದುರಾಡದ ನನ್ನ ಅಮ್ಮ, ಕಾಫಿ ಲೋಟ ಎತ್ತುತ್ತ, "ಅತ್ತಿಗೆ ಇದ್ದಿದ್ರೆ ಒಪ್ತಿರಲಿಲ್ಲ. ನಾನೂ ಒಪ್ಪಲ್ಲ" ಅಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಚಿಕ್ಕಮ್ಮ, "ಡಿಗ್ರಿ ಒಂದು ಮುಗೀಲಿ" ಅಂದರು. ತಂಗಿ ಈಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ.

ಆಶ್ ಇನ್ನೂ ಒಂದು ಬಗೆಯಲ್ಲಿ ಪರೀಕ್ಷಿಸಿದ್ದ. ಸರಿ ಹೇಳುತ್ತಿದ್ದ ಜೊತೆಗಾರ ನಡುವೆಯೇ ಗುಂಪಿಗೆ ಸೇರಿಬಿಟ್ಟರೆ, ಒಂಟಿಯಾದವನು ಮತ್ತೆ ಮೊದಲಿನಷ್ಟೇ ಬಾಗಿದ. ಆದರೆ ಜೊತೆಗಾರ ಏನೋ ಕೆಲಸವೆಂದು ಎದ್ದು ಹೋದಾಗ ತಪ್ಪು ಅಷ್ಟು ಏರಲಿಲ್ಲ. ಹೋದವನು ಕೊಟ್ಟ ಧೈರ್ಯದಲ್ಲಿ ಒಂದಿಷ್ಟು ಆ ಕೋಣೆಯಲ್ಲೇ ಉಳಿದಿತ್ತು.